ಮಗು ಅಲುಗಿದಾಗ ಹೋಗುವ ಲೈನು

ನನ್ನನ್ನು ಮೊತ್ತಮೊದಲು "ಅಜ್ಜಾರ" ಎಂದು ಕರೆದವರು ನಮ್ಮ ಮನೆಯವರಲ್ಲ, ಸಂಬಂಧಿಕರಲ್ಲ, ಮಲ್ಪೆ ಬಂದರಿನವರೂ ಅಲ್ಲ. ಟೆಲಿಫೋನಿನ ಕಂಬ ಹತ್ತುವ ಒಬ್ಬ ಲೈನ್‌ಮನ್. ಬಾಗಲಕೋಟೆಯ ಕಡೆಯವರು.

ಆ ದಿನ ನನ್ನ ಮೊಮ್ಮಗಳಿಗೆ ಒಂಬತ್ತು ದಿನ. ಬಹರೈನಿನ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದಳು. ಏಳು ತಿಂಗಳಿಗೇ ಹುಟ್ಟಿದವಳು, ತೂಕ ಸಕ್ಕರೆಯ ಒಂದು ಪ್ಯಾಕೆಟಿಗಿಂತ ಚೂರು ಹೆಚ್ಚು. ಮಗಳಿಗೆ ಮದುವೆಯಾಗಿ ಹನ್ನೊಂದನೆಯ ವರ್ಷದಲ್ಲಿ ಆದ ಮಗು. ನನಗೆ ಒಳಗಿನಿಂದ ಉಕ್ಕಿ ಉಕ್ಕಿ ಬರುತ್ತಿತ್ತು, ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಹೇಳಬೇಕು ಅನ್ನಿಸುತ್ತಿತ್ತು. ಆದರೆ ಹೆಂಡತಿ ಬಾಯಿಗೆ ಬೀಗ ಹಾಕಿಸಿದ್ದಳು. ಮಗು ಮೊದಲು ಪೆಟ್ಟಿಗೆಯಿಂದ ಹೊರಗೆ ಬರಲಿ, ಅಜ್ಜ ಅಜ್ಜಿ ಎಲ್ಲ ಆಮೇಲೆ ಎಂದಿದ್ದಳು. ಹಾಗಾಗಿ ನಮ್ಮ ಮನೆಯಲ್ಲಿ ಆ ಎರಡು ಶಬ್ದ ಯಾರೂ ಆಡುತ್ತಿರಲಿಲ್ಲ. ಅಂಥದ್ದರಲ್ಲಿ ಈ ಮನುಷ್ಯ ಬಂದು, ಇಂಟರ್ನೆಟ್ ಕಟ್ ಆದರೆ ಅಷ್ಟು ಗಾಬರಿ ಯಾಕೆ ಎಂದು ಕೇಳಿದರು. ಕಾರಣ ಹೇಳಿದೆ. ಚಪ್ಪಲಿ ಬಿಡುತ್ತಿದ್ದವರು ಹಾಗೇ ನಿಂತರು.

"ಹಂಗಾರ ನೀವು ಅಜ್ಜಾರ ಆದ್ರಿ ಅನ್ರಿ."

ನಾನು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಅವರ ಹೆಸರು ನನಗೆ ಗೊತ್ತುಂಟು. ಬರೆಯಬೇಡಿ ಎಂದು ಅವರೇ ಹೇಳಿದ್ದಾರೆ. ಯಾಕೆ ಎಂದು ಮುಂದೆ ಗೊತ್ತಾಗುತ್ತದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ತಪ್ಪಿದರೆ ಸೊಸೆ ತಿದ್ದುತ್ತಾಳೆ, ಆದರೆ ನಡೆದದ್ದನ್ನು ಅವಳು ತಿದ್ದಲಿಕ್ಕೆ ಆಗುವುದಿಲ್ಲ. ಅದು ನನ್ನದೇ ತಪ್ಪು.

ಅವರನ್ನು ನಾನು ಮೊದಲು ಕಂಡದ್ದು ಅದಕ್ಕೂ ಹತ್ತು ವರ್ಷ ಹಿಂದೆ, ನಮ್ಮ ಮನೆಗೆ ಫೋನು ಬಂದಾಗ. ಅರ್ಜಿ ಹಾಕಿ, ಕಾದು ಕಾದು, ಕೊನೆಗೆ ಮರೆತೇಬಿಟ್ಟಿದ್ದ ಫೋನು. ಒಂದು ಬೆಳಿಗ್ಗೆ ಬಿದಿರಿನ ಏಣಿಯನ್ನು ಸೈಕಲ್ಲಿಗೆ ಉದ್ದಕ್ಕೆ ಕಟ್ಟಿಕೊಂಡು, ಸೈಕಲ್ಲನ್ನು ತಳ್ಳಿಕೊಂಡು ಬಂದರು. ವಯರಿನ ತುದಿಯನ್ನು ಬಾಯಿಗಿಟ್ಟು, ಒಂದು ಸಲ ಕಚ್ಚಿ ಎಳೆದರೆ ಪ್ಲಾಸ್ಟಿಕ್ ಸುಲಿದು ತಾಮ್ರ ಹೊಳೆಯುತ್ತಿತ್ತು. ಅವರ ಮುಂದಿನ ಹಲ್ಲಿನಲ್ಲಿ ಒಂದು ಸಣ್ಣ ಕಚ್ಚು ಇತ್ತು, ವಯರಿನಷ್ಟೇ ಅಗಲದ್ದು. ನಮ್ಮಲ್ಲಿ ಬಲೆ ಹೆಣೆಯುವವರ ಬೆರಳಿನಲ್ಲಿ ನೂಲಿನ ಗೆರೆ ಬೀಳುವುದಿಲ್ಲವೇ, ಹಾಗೆ. ಆ ಹಲ್ಲು ಕಂಡ ಮೇಲೆ ನನಗೆ ಅವರ ಮೇಲೆ ನಂಬಿಕೆ ಬಂತು.

ಫೋನು ಹಚ್ಚಿಕೊಟ್ಟು, ಯಾರಿಗಾದರೂ ಮಾಡಿ ನೋಡಿ ಎಂದರು. ಕಾಪುವಿನಲ್ಲಿ ನನ್ನ ಭಾವನ ಮನೆಗೆ ಮಾಡಿದೆ. ಒಂದು ಮಾತು ಆಡಿ, "ಓವರ್" ಎಂದು ಸುಮ್ಮನಾದೆ. ನಾನು ತಾಂಡೇಲ, ಅಂದರೆ ಬೋಟು ನಡೆಸುವವನು. ಮೂವತ್ತು ವರ್ಷ ಕಡಲಲ್ಲಿ ವಯರ್‌ಲೆಸ್‌ ಹಿಡಿದವನು. ಅದರಲ್ಲಿ ಒಬ್ಬ ಮುಗಿಸಿ ಓವರ್ ಎಂದ ಮೇಲೆಯೇ ಇನ್ನೊಬ್ಬ ಬಾಯಿ ತೆರೆಯುವುದು. ಭಾವನಿಗೆ ಏನೂ ತಿಳಿಯದೆ ಅವನೂ ಸುಮ್ಮನೆ. ಲೈನ್‌ಮನ್ ಏಣಿ ಹಿಡಿದುಕೊಂಡೇ ನಕ್ಕರು.

"ಇದರಾಗ ಇಬ್ರೂ ಕೂಡೇ ಮಾತಾಡಬಹುದ್ರಿ ಯಜಮಾನ್ರ. ಜಗಳಕ್ಕ ಭಾಳ ಚಲೋ."

ಅವರು ಈ ಊರಿಗೆ ಬಂದದ್ದು ಗುಂಡಿ ಅಗೆಯಲಿಕ್ಕೆ. ಉಡುಪಿಯಿಂದ ಮಲ್ಪೆಗೆ ನೆಲದಡಿಯಲ್ಲಿ ಟೆಲಿಫೋನ್ ಕೇಬಲ್ ಹಾಕುವಾಗ ಗಂಡ ಅಗೆಯುವುದು, ಹೆಂಡತಿ ಮಣ್ಣು ಹೊರುವುದು. ಕೂಲಿಯಾಗಿ ಸೇರಿದವರು ಆಮೇಲೆ ಇಲಾಖೆಯಲ್ಲೇ ಖಾಯಂ ಆದರು. ಹಾಗಾಗಿ ಆ ರಸ್ತೆಯಲ್ಲಿ ನಡೆಯುವಾಗ ಕಾಲಿನಡಿ ಎಲ್ಲಿ ಜಾಯಿಂಟ್ ಉಂಟು ಎಂದು ಅವರಿಗೆ ನಕ್ಷೆ ಬೇಡ. ನನಗೆ ನೀರಿನಡಿಯ ಬಂಡೆಗಳು ಗೊತ್ತಿದ್ದ ಹಾಗೆ. ಒಮ್ಮೆ ಅಂಬಲಪಾಡಿಯ ಹತ್ತಿರ ರಸ್ತೆ ಅಗಲ ಮಾಡುವವರು ಎಲ್ಲೋ ಕೊಚ್ಚಿ ಹಾಕಿ ಅರ್ಧ ಊರಿನ ಫೋನು ಸತ್ತಾಗ, ಎಂಜಿನಿಯರು ಕಾಗದ ಬಿಡಿಸಿ ನೋಡುತ್ತಿದ್ದರೆ ಇವರು ಒಂದು ಅಂಗಡಿಯ ಮೆಟ್ಟಿಲಿನಿಂದ ಏಳು ಹೆಜ್ಜೆ ಎಣಿಸಿ ಹಾರೆ ಹಾಕಿದರಂತೆ.

ಇಷ್ಟು ವರ್ಷ ಮಲ್ಪೆಯಲ್ಲಿ ತಿರುಗಿದರೂ ಮೀನು ಮುಟ್ಟಿದವರಲ್ಲ. ನಮ್ಮ ಕಡೆ ಕೆಲಸ ಮಾಡಿಕೊಟ್ಟವರಿಗೆ ಪ್ರೀತಿಯಿಂದ ಕೊಡುವುದೇ ಮೀನು. ಅದನ್ನು ಬೇಡ ಎನ್ನುವವರಿಗೆ ಎಂತ ಕೊಡುವುದು ಎಂದು ನನ್ನ ಹೆಂಡತಿಗೆ ದೊಡ್ಡ ಚಿಂತೆ. ಅವರು ಕಂಬದ ಬುಡದಲ್ಲಿ ಕೂತು ಬಟ್ಟೆಯ ಗಂಟು ಬಿಚ್ಚಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ತಿನ್ನುವುದನ್ನು ಕಂಡಳು. ಆಮೇಲೆ ಅವರು ಬಂದಾಗಲೆಲ್ಲ ಮಟ್ಟುವಿನ ಗುಳ್ಳ ತರಿಸಿ ಇಡುತ್ತಿದ್ದಳು. ಅವರು ಅದನ್ನು ಕೈಯಲ್ಲಿ ತಿರುಗಿಸಿ, ತೊಟ್ಟು ನೋಡಿ, ಮೂಸಿ, ಆಮೇಲೆ ಚೀಲಕ್ಕೆ ಹಾಕುವುದು. ಇಲ್ಲಿಯ ದೇವರು ಬದನಿಕಾಯಿ ಮಾತ್ರ ಮನಸ್ಸಿಟ್ಟು ಮಾಡ್ಯಾನ ಎನ್ನುತ್ತಿದ್ದರು.

ಇನ್ನೊಂದು ಸಂಗತಿ. ಅವರ ಸೊಂಟದಲ್ಲಿ ಒಂದು ರಿಸೀವರ್ ನೇತಾಡುತ್ತಿತ್ತು. ಅದರ ಎರಡು ಕ್ಲಿಪ್ಪನ್ನು ಯಾವ ಮನೆಯ ತಂತಿಗೆ ಸಿಕ್ಕಿಸಿದರೂ ಆ ಮನೆಯ ಮಾತು ಕೇಳುತ್ತದೆ. ಮಾತು ಬಂದ ಕೂಡಲೇ ಅವರು ರಿಸೀವರನ್ನು ಕಿವಿಯಿಂದ ತೆಗೆದು ಎದೆಗೆ ಕವುಚಿ ಇಟ್ಟುಕೊಳ್ಳುತ್ತಿದ್ದರು, ಮಾತು ಮುಗಿಯುವವರೆಗೆ. ಒಮ್ಮೆ ನಮ್ಮ ಎದುರಿನ ಕಂಬದಿಂದ ಅರ್ಧಕ್ಕೇ ಇಳಿದು, ಬಿಸಿಲಿನಲ್ಲಿ ಅರ್ಧ ಗಂಟೆ ಸುಮ್ಮನೆ ನಿಂತರು. ಕೇಳಿದ್ದಕ್ಕೆ, ಯಾರೋ ಅಳಾಕತ್ತಾರ, ಮುಗೀಲಿ ಎಂದರು. ಯಾರ ಮನೆ ಎಂದು ನಾನು ಕೇಳಿದೆ, ತಪ್ಪು ನನ್ನದು. "ಕಂಬಕ್ಕ ಗೊತ್ತಿಲ್ರಿ" ಎಂದರು.

ಇಂಥವರ ಹತ್ತಿರ ನಾನು ಸುಳ್ಳು ಹೇಳಿದ್ದು.

ನನ್ನ ಅಳಿಯ ಕಾಪುವಿನವನು, ಬಹರೈನಿನಲ್ಲಿ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ. ಮಗು ಹುಟ್ಟಿದಾಗ ನನ್ನ ಹೆಂಡತಿಗೆ ಅಲ್ಲಿಗೆ ಹೋಗಲು ವೀಸಾ ಸಿಕ್ಕಲಿಲ್ಲ. ಮಗಳು ಒಬ್ಬಳೇ ಅಲ್ಲಿ, ಬಾಣಂತನ ಮಾಡುವವರಿಲ್ಲ. ಆ ವಾರ್ಡಿನ ನರ್ಸ್ ಒಬ್ಬರು ಕಾರ್ಕಳದ ಕಡೆಯವರು. ಅಳಿಯ ಹೆಂಡತಿಯ ಹತ್ತಿರ ತುಳುವಿನಲ್ಲಿ ಮಾತಾಡಿದ್ದು ಅವರ ಕಿವಿಗೆ ಬಿದ್ದದ್ದೇ ತಡ, ದಿನಕ್ಕೆ ಹತ್ತು ನಿಮಿಷ ಗಾಜಿನ ಆಚೆ ಲ್ಯಾಪ್‌ಟಾಪ್ ಹಿಡಿದು ನಿಲ್ಲಲು ಬಿಟ್ಟರು. ನಮ್ಮ ಗಡಿಯಾರದಲ್ಲಿ ಸಂಜೆ ನಾಲ್ಕು ಗಂಟೆ. ಇಲ್ಲಿ ನಮ್ಮ ಮನೆಯಲ್ಲೂ ಅಳಿಯ ಕಳಿಸಿದ ಒಂದು ಲ್ಯಾಪ್‌ಟಾಪ್ ಇತ್ತು. ಫೋನಿನ ಲೈನಿಗೇ ಇಂಟರ್ನೆಟ್ ಹಾಕಿಸಿದೆವು. ವಯರಿಲ್ಲದ ರೂಟರೇ ಆಗಬೇಕು ಎಂದದ್ದು ಹೆಂಡತಿ. ಫೋನು ಇರುವುದು ಚಾವಡಿಯಲ್ಲಿ, ಅವಳಿಗೆ ಲ್ಯಾಪ್‌ಟಾಪ್ ದೇವರ ಕೋಣೆಯ ಬಾಗಿಲಲ್ಲಿ ಇಡಬೇಕು. ನಾವು ಮಾತ್ರ ನೋಡಿದರೆ ಸಾಲದು, ದೇವರೂ ದಿನಕ್ಕೊಮ್ಮೆ ಮಗುವನ್ನು ನೋಡಲಿ ಎಂದು.

ಮೊದಲ ದಿನ ಚಿತ್ರ ಬಂತು. ಕೆಂಪಗೆ, ಸಣ್ಣಗೆ, ಮೂಗಿಗೆ ನಳಿಗೆ. ಕಾಲು ನನ್ನ ಹೆಬ್ಬೆರಳಿನಷ್ಟು. ನೋಡುತ್ತಿದ್ದ ಹಾಗೆ ಆ ಕಾಲು ಒಮ್ಮೆ ಒದೆಯಿತು. ನಾಲ್ಕು ನಿಮಿಷ ಆಗಿರಬೇಕು, ಚಿತ್ರ ನಿಂತಿತು. ರೂಟರಿನಲ್ಲಿ ಲೈನಿನ ದೀಪ ಆರಿತ್ತು. ಅದು ಮತ್ತೆ ಮಿಣುಕಿ ಮಿಣುಕಿ ಗಟ್ಟಿಯಾಗುವಾಗ ಅಲ್ಲಿ ಹೊತ್ತು ಮುಗಿದು ನರ್ಸ್ ಪರದೆ ಎಳೆದಿದ್ದರು.

ಮರುದಿನವೂ ಹಾಗೆ. ಅದರ ಮರುದಿನವೂ.

ಎಂತೆಲ್ಲ ಮಾಡಲಿಲ್ಲ ನಾವು. ಫ್ರಿಜ್ಜಿನ ಹತ್ತಿರ ಇಡಬಾರದು ಎಂದರು ಯಾರೋ, ದೂರ ಇಟ್ಟೆವು. ಎತ್ತರದಲ್ಲಿ ಇಡಬೇಕು ಎಂದರು, ಅಕ್ಕಿಯ ಡಬ್ಬದ ಮೇಲೆ ಇಟ್ಟೆವು. ಬಿಸಿಯಾಗುತ್ತದೆ ಎಂದು ಸೊಸೆ ಟೇಬಲ್ ಫ್ಯಾನು ತಿರುಗಿಸಿದಳು. ಸ್ವಿಚ್ಚು ತೆಗೆದು ಮೂವತ್ತು ಎಣಿಸಿ ಹಾಕಿದೆವು. ಹೆಂಡತಿ ಉಪ್ಪು ಮೆಣಸು ಹಿಡಿದು ಲ್ಯಾಪ್‌ಟಾಪಿಗೆ ಮೂರು ಸುತ್ತು ದೃಷ್ಟಿ ತೆಗೆದು ಒಲೆಗೆ ಹಾಕಿದಳು. ಬೆಳಿಗ್ಗೆಯಿಂದ ದೀಪ ನಾಲ್ಕೂ ಗಟ್ಟಿ, ನಾಲ್ಕು ಗಂಟೆಗೆ ಚಿತ್ರ ಬಂದು ಸ್ವಲ್ಪ ಹೊತ್ತಿಗೆ ಲೈನಿನ ದೀಪ ಫಕ್ಕನೆ ಆರುವುದು. ದಿನವಿಡೀ ನನ್ನ ಕಣ್ಣು ಆ ದೀಪದ ಮೇಲೆಯೇ. ಊಟ ಮಾಡುವಾಗಲೂ ತಟ್ಟೆಯನ್ನು ಅದು ಕಾಣುವ ಹಾಗೆ ಇಟ್ಟುಕೊಳ್ಳುತ್ತಿದ್ದೆ.

ಈಗ ನನ್ನ ಸುಳ್ಳಿನ ವಿಷಯ. ಮೊಣಕಾಲು ಹೋಗಿ ನಾನು ಕಡಲು ಬಿಟ್ಟ ಮೇಲೆ ಬೋಟು ನಡೆಸುವವನು ಮಗ. ಅವನೊಟ್ಟಿಗೆ ಮಾತಾಡಲು ಬೋಟಿನ ವಯರ್‌ಲೆಸ್ ಸೆಟ್ ಒಂದನ್ನು ಮನೆಯ ಬದಿಕೋಣೆಯಲ್ಲಿ ಇಟ್ಟುಕೊಂಡಿದ್ದೆ. ಮಾಡಿನ ಮೂಲೆಯಲ್ಲಿ ಕಬ್ಬಿಣದ ಪೈಪು ನಿಲ್ಲಿಸಿ ಅದಕ್ಕೆ ಆಂಟೆನಾ. ಲೈಸೆನ್ಸ್ ಇರಲಿಲ್ಲ. ಅಂಥ ಸೆಟ್ಟನ್ನು ಸರಕಾರದವರು ಎತ್ತಿಕೊಂಡು ಹೋಗುತ್ತಾರೆ, ಕೇಸು ಮಾಡುತ್ತಾರೆ ಎಂದು ಬಂದರಿನಲ್ಲಿ ಸುದ್ದಿ. ಟೆಲಿಫೋನಿನವರು ಅಂದರೂ ಸರಕಾರವೇ ಅಲ್ವಾ. ಲೈನ್‌ಮನ್ ಬರುತ್ತಾರೆ ಎಂದಾದಾಗ ಸೆಟ್ಟಿನ ಮೇಲೆ ಹಳೆ ಸೀರೆ ಹೊದಿಸಿ, ಮೇಲೆ ಹಾಸಿಗೆಯ ಸುರುಳಿ ಇಟ್ಟು, ಬಾಗಿಲು ಎಳೆದುಕೊಳ್ಳುತ್ತಿದ್ದೆ. ಮನೆಯಲ್ಲಿ ಯಾರೂ ಬಾಯಿ ಬಿಡಬಾರದು ಎಂದು ಹೇಳಿದ್ದೆ. ಹೆಂಡತಿಯೂ ಸೊಸೆಯೂ ಬಿಡಲಿಲ್ಲ.

ಮೊದಲ ಸಲ ಅವರು ಗೋಡೆಯ ಪೆಟ್ಟಿಗೆ ಬಿಚ್ಚಿ, ಉಪ್ಪುಗಾಳಿಗೆ ಹಸಿರು ಹಿಡಿದಿದ್ದ ತುದಿ ಕತ್ತರಿಸಿ, ಹೊಸದಾಗಿ ಕಚ್ಚಿ ಸುಲಿದು ಕೂರಿಸಿದರು. ಫೋನು ಮತ್ತು ಇಂಟರ್ನೆಟ್ಟನ್ನು ಬೇರೆ ಮಾಡುವ ಸಣ್ಣ ಡಬ್ಬಿ ಬದಲಿಸಿದರು. ಆ ಸಂಜೆ ಮತ್ತೆ ಹೋಯಿತು. ಎರಡನೆಯ ಸಲ, ಗಾಳಿಯಲ್ಲಿ ಹೋಗುತ್ತದೋ ತಂತಿಯಲ್ಲಿ ಹೋಗುತ್ತದೋ ಮೊದಲು ಅದು ತಿಳಿಯಬೇಕು ಎಂದು, ರೂಟರಿನಿಂದ ಲ್ಯಾಪ್‌ಟಾಪಿಗೆ ನೇರ ಒಂದು ಹಳದಿ ವಯರು ಹಾಕಿಸಿದರು. ಆಗಲೂ ಹೋಯಿತು. ಗಾಳಿಯದ್ದು ತಪ್ಪಿಲ್ಲ, ಲೈನಿನದ್ದೇ ಎಂದಾಯಿತು. ಎಕ್ಸ್‌ಚೇಂಜಿನಲ್ಲಿ ನಮ್ಮ ತಂತಿಯನ್ನು ಬೇರೆ ಕಡೆಗೆ ಬದಲಿಸಿ ಬಂದರು. ಆಗಲೂ ಹೋಯಿತು.

ಇನ್ನೊಂದು ದಿನ ಕಂಬದಿಂದ ಮನೆಗೆ ಬರುವ ವಯರಿನ ಉದ್ದಕ್ಕೂ ನಡೆದರು. ಆ ವಯರು ತೆಂಗಿನ ಗರಿಗೆ ತಾಗುತ್ತದೆ ಎಂದು ನಾನೇ ಅದನ್ನು ಎತ್ತಿ, ಬಲೆಯ ನೈಲಾನ್ ಹಗ್ಗದಲ್ಲಿ ಆ ಕಬ್ಬಿಣದ ಪೈಪಿಗೆ ಕಟ್ಟಿದ್ದೆ. ಗಂಟು ಭಾರಿ ಚಂದ ಬಂದಿತ್ತು. ಅವರು ಪೈಪನ್ನು ನೋಡಿ, ಇದೆಂಥದ್ದು ಎಂದು ಕೇಳಿದರು.

"ಟಿವಿಯ ಹಳೆ ಆಂಟೆನಾ ಮಾರಾಯ್ರೇ. ಈಗ ಉಪಯೋಗ ಇಲ್ಲ" ಎಂದೆ.

ಅವರು ನಂಬಿದರು. ನನ್ನನ್ನು ನಂಬಬಾರದು ಎಂದು ಅವರಿಗೆ ಯಾಕೆ ಅನ್ನಿಸಬೇಕು.

ಎರಡು ದಿನ ನಾಲ್ಕು ಗಂಟೆಗೇ ಬಂದು ಕೂತರು. ಆ ಎರಡು ದಿನ ಹತ್ತೂ ನಿಮಿಷ ಚಿತ್ರ ಕಡಿಯದೆ ಬಂತು, ಲೈನಿನ ದೀಪ ಒಮ್ಮೆಯೂ ಮಿಣುಕಲಿಲ್ಲ. ಚಿತ್ರ ಬರುತ್ತಿದ್ದ ಹಾಗೆ ಅವರು ಗೋಡೆಯ ಕಡೆ ಮುಖ ತಿರುಗಿಸಿ ಕೂತು, ರೂಟರಿನ ದೀಪ ಮಾತ್ರ ನೋಡುತ್ತಿದ್ದರು. ನೀವೂ ನೋಡಿ ಎಂದು ಹೆಂಡತಿ ಕರೆದರೆ, ನಾ ಲೈನ್ ನೋಡಾಕ ಬಂದೀನ್ರಿ ಎನ್ನುತ್ತಿದ್ದರು. ಅವರು ಬಾರದ ಮೂರನೆಯ ದಿನ ಮತ್ತೆ ಹೋಯಿತು. ಅವರನ್ನೇ ಮನೆಯಲ್ಲಿ ಇಟ್ಟುಕೊಳ್ಳುವ ಎಂದಳು ಸೊಸೆ. ಯಾರಿಗೂ ನಗು ಬರಲಿಲ್ಲ.

ಆಮೇಲೆ ಅವರು ಸೊಸೆಗೆ ಒಂದು ನೋಟುಬುಕ್ಕು ಮಾಡಲು ಹೇಳಿದರು. ಲೈನ್ ಹೋದ ಗಳಿಗೆ, ಹೋಗುವ ಮೊದಲು ಏನಾಯಿತು ಎರಡನ್ನೂ ಬರೆಯಬೇಕು. ಸೊಸೆ ಅಕ್ಷರ ಉರುಟಾಗಿ ಬರೆಯುತ್ತಾಳೆ. "ನಾಲ್ಕೂ ಮೂರು. ಮಗು ಆಕಳಿಸಿತು. ಹೋಯಿತು." "ನಾಲ್ಕೂ ಐದು. ಮಗು ಕೈ ಬಿಡಿಸಿತು. ಹೋಯಿತು." "ನಾಲ್ಕೂ ಎರಡು. ತುಟಿ ಚೀಪಿತು. ಹೋಯಿತು."

ಅದನ್ನು ಹೆಂಡತಿ ಓದಿಸಿ ಕೇಳಿದಳು. ಕೇಳಿದವಳ ಮುಖ ಬಿಳಿಯಾಯಿತು. ಮಗು ಅಲುಗಿದಾಗಲೇ ಹೋಗುತ್ತದೆ, ನಾವು ನೋಡುವುದು ಆ ಮಗುವಿಗೆ ಆಗುವುದಿಲ್ಲ, ನಮ್ಮ ಕಣ್ಣೇ ತಾಗುವುದು ಎಂದಳು. ಅದೆಲ್ಲ ಇಲ್ಲ ಎಂದು ನಾನು ಗದರಿದೆ. ಆದರೆ ಆ ರಾತ್ರಿ ನಾನೂ ಆ ನೋಟುಬುಕ್ಕನ್ನು ಇನ್ನೊಮ್ಮೆ ತೆರೆದು ನೋಡಿದೆ.

ಅದರ ಮರುದಿನ ಬೆಳಿಗ್ಗೆ ಅಳಿಯ ಫೋನು ಮಾಡಿ, ಮಗುವಿಗೆ ಉಸಿರು ಕಷ್ಟವಾಗುತ್ತಿದೆ, ಇವತ್ತು ಜಾಗ್ರತೆ ಎಂದು ಡಾಕ್ಟರು ಹೇಳಿದ್ದಾರೆ ಎಂದ. ನಾಲ್ಕಕ್ಕೆ ಚಿತ್ರ ಬಂತು. ಎದೆ ಒಳಗೆ ಎಳೆದು ಎಳೆದು ಬಿಡುತ್ತಿತ್ತು, ಬಲೆಯಲ್ಲಿ ಬಿದ್ದ ಮೀನಿನ ಕಿವಿರಿನ ಹಾಗೆ. ಅಷ್ಟರಲ್ಲಿ ಬಲಗೈ ಮೇಲೆದ್ದಿತು. ಎದ್ದದ್ದೇ, ಚಿತ್ರ ಹೋಯಿತು. ಫೋನು ಮಾಡಿದರೆ ಅಳಿಯನ ಮೊಬೈಲು ಹತ್ತಲಿಲ್ಲ. ಎರಡು ಗಂಟೆ ಹೊತ್ತು ಅಲ್ಲಿ ಏನಾಯಿತು ಎಂದು ನಮಗೆ ಗೊತ್ತಿಲ್ಲ. ಕಡಲಿನಲ್ಲಿ ಬಿರುಗಾಳಿಗೆ ಸಿಕ್ಕಿದ್ದೇನೆ, ಎಂಜಿನ್ ನಿಂತು ತೇಲಿದ್ದೇನೆ. ಆ ಎರಡು ಗಂಟೆಯಂಥದ್ದನ್ನು ನಾನು ಕಂಡಿಲ್ಲ. ಕೊನೆಗೆ ಅಳಿಯನೇ ಫೋನು ಮಾಡಿ, ಪರವಾಗಿಲ್ಲ, ಸ್ವಲ್ಪ ಸುಧಾರಿಸಿದ್ದಾಳೆ ಎಂದ. ಹೆಂಡತಿ ಲ್ಯಾಪ್‌ಟಾಪ್ ಮುಚ್ಚಿ, ಅದರ ಮೇಲೆ ಬಟ್ಟೆ ಹಾಕಿ, ಇನ್ನು ಅವಳು ಮನೆಗೆ ಬರುವವರೆಗೆ ಇದನ್ನು ಯಾರೂ ತೆರೆಯಬಾರದು ಎಂದಳು.

ಬೆಳಿಗ್ಗೆ ಲೈನ್‌ಮನ್ ಬಂದರು. ನೋಟುಬುಕ್ಕು ಕೇಳಿದರು. ಕನ್ನಡಕ ಹಾಕಿ, ಬೆರಳಿಟ್ಟು, ಒಂದೊಂದೇ ಸಾಲು ಓದಿದರು. ಓದಿ ನನ್ನನ್ನು ನೋಡಿದರು. ಮತ್ತೆ ಓದಿದರು.

"ಕೂಸು ಸುಮ್ನ ಮಲಗಿದಾಗ ಲೈನ್ ಚಲೋ ಇರತೈತಿ. ಕೂಸು ಅಲುಗಾಡಿದ್ರ ಹೋಗತೈತಿ. ಬಹರೈನಿನ ಕೂಸಿಗೆ ಮಲ್ಪಿ ಕಂಬ ಹೆಂಗ ತಿಳೀತೈತ್ರಿ? ನಡುವ ಯಾರೋ ಅದಾರ."

ನನಗೆ ಆಗಲೂ ಹೊಳೆಯಲಿಲ್ಲ. ಇದನ್ನು ಓದುವವರಿಗೆ ಹೊಳೆದಿರಬಹುದು. ಉಸಿರಾಡುವವನಿಗೆ ತಾನು ಉಸಿರಾಡುವುದು ಗೊತ್ತಾಗುತ್ತದೆಯೇ?

ಹೆಂಡತಿ ಲ್ಯಾಪ್‌ಟಾಪ್ ತೆರೆಯಲು ಒಪ್ಪಲಿಲ್ಲ. ಅವರು ಅಡುಗೆಮನೆಯ ಬಾಗಿಲಿನ ಹೊರಗೆ ನಿಂತು ಹೇಳಿದರು.

"ಅಕ್ಕಾರ, ಇವತ್ತೊಂದು ದಿನ ನೋಡ್ರಿ. ಇವತ್ತು ಹೋದ್ರ ಅದರ ಪಾಪ ನನ್ನ ತಲೀ ಮ್ಯಾಲ. ನಾ ಒಳಗ ಬರಂಗಿಲ್ಲ, ಕಂಬದ ಮ್ಯಾಲ ಇರ್ತೀನಿ. ನೀವು ದಿನಾ ಹೆಂಗ ಇರ್ತೀರೋ ಹಂಗ ಇರ್ರಿ."

ನಾಲ್ಕು ಗಂಟೆ. ಹೆಂಡತಿ ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡು ಕೂತಳು. ಚಿತ್ರ ಬಂತು. ಎದೆ ಎಳೆಯುವುದು ಕಡಿಮೆಯಾಗಿತ್ತು. ಮಗಳು ಗಾಜಿನ ಹತ್ತಿರ ಬಾಗಿ ಏನೋ ಹೇಳಿದಳು. ಆಗ ಆ ಮಗು, ಇಪ್ಪತ್ತೈದು ದಿನದ ಮಗು, ಮೊದಲ ಬಾರಿ ನಮ್ಮ ಎದುರಿಗೆ ಎರಡೂ ಕಣ್ಣು ಬಿಟ್ಟಳು.

ನಾನು ಎದ್ದೆ. ಎದ್ದದ್ದೂ ಗೊತ್ತಿಲ್ಲ, ಬದಿಕೋಣೆಗೆ ಓಡಿದ್ದೂ ಗೊತ್ತಿಲ್ಲ. ಮೈಕ್ ಕೈಯಲ್ಲಿತ್ತು. ಕಡಲಲ್ಲಿ ಮಗ ಕಾಯುತ್ತಿದ್ದ. ಅವನೊಬ್ಬನೇ ಅಲ್ಲ, ಸುತ್ತಲಿನ ಐದಾರು ಬೋಟಿನವರು ದಿನಾ ನಾಲ್ಕು ಗಂಟೆಗೆ ಸೆಟ್ಟಿನ ಹತ್ತಿರ ಬರುತ್ತಿದ್ದರು. ಆ ದಿನಗಳಲ್ಲಿ ನಾನು ಮೈಕ್ ಎತ್ತುತ್ತಿದ್ದದ್ದೂ ಆ ಹೊತ್ತಿಗೆ ಮಾತ್ರ. ಮಗು ಆಕಳಿಸಿದರೂ ನಾನು ಓಡಿಹೋಗಿ ಕಡಲಿಗೆ ಹೇಳುತ್ತಿದ್ದೆ. ಹತ್ತಿರದ ಬೋಟು ದೂರದ ಬೋಟಿಗೆ ದಾಟಿಸುತ್ತಿತ್ತು. ಮನೆಯಲ್ಲಿ ಅಜ್ಜ ಎನ್ನುವ ಹಾಗಿಲ್ಲ, ಊರಿನಲ್ಲಿ ಹೇಳುವ ಹಾಗಿಲ್ಲ. ಅದೊಂದೇ ಜಾಗ ನನಗಿದ್ದದ್ದು.

"ಕಣ್ಣು ಬಿಟ್ಟಳು, ಮಗಾ, ಎರಡೂ ಕಣ್ಣು. ಓವರ್" ಎಂದು ತುಳುವಿನಲ್ಲಿ ಕೂಗಿದೆ.

ಒಳಗಿನಿಂದ ಹೆಂಡತಿ, ಚಿತ್ರ ಹೋಯಿತು ಎಂದು ಚೀರಿದಳು. ಅದೇ ಗಳಿಗೆಗೆ ಹೊರಗೆ ಮೇಲಿನಿಂದ ಒಂದು ಸ್ವರ ಬಂತು.

"ಅಜ್ಜಾರ. ಕೈಯಾಗಿಂದು ಕೆಳಗ ಇಡ್ರಿ."

ತಲೆ ಎತ್ತಿದೆ. ಕಂಬದ ಮೇಲಿನಿಂದ ಬದಿಕೋಣೆಯ ಕಿಟಕಿ ನೇರ ಕಾಣುತ್ತದೆ. ಅವರು ಒಂದು ಕೈಯಲ್ಲಿ ಕಂಬ ಹಿಡಿದು, ಇನ್ನೊಂದರಲ್ಲಿ ರಿಸೀವರ್ ಹಿಡಿದು, ನನ್ನನ್ನೇ ನೋಡುತ್ತಿದ್ದರು. ನಾನು ಮೈಕಿನ ಗುಂಡಿ ಒತ್ತಿದ ಕೂಡಲೇ ಅವರ ಕಿವಿಯಲ್ಲಿ ಲೈನು "ಗುಂಯ್" ಎಂದಿತ್ತಂತೆ. ಪೈಪಿನ ಆಂಟೆನಾದಿಂದ ಹೊರಟದ್ದು, ಅದಕ್ಕೆ ನಾನೇ ಕಟ್ಟಿದ್ದ ಫೋನಿನ ವಯರಿಗೆ ಹಾರಿ ಲೈನು ಕಡಿಯುತ್ತಿತ್ತು.

ಮೈಕ್ ಇಟ್ಟೆ. ಸೆಟ್ಟು ಹೋಯಿತು, ಕೇಸು ಆಯಿತು ಎಂಬ ಹೆದರಿಕೆ ಮೊದಲು ಬಂತು, ನಾಚಿಕೆ ಆಮೇಲೆ. ಅಷ್ಟೂ ದಿನ ಮಗುವನ್ನು ನಮ್ಮ ಕಣ್ಣಿನಿಂದ ಕಿತ್ತುಕೊಂಡವನು ನಾನು. ನನ್ನ ಸಂತೋಷವೇ ಲೈನು ಕಡಿಯುತ್ತಿತ್ತು. ಅವರ ಎದುರಿಗೆ ನಾನು ಮರ್ಯಾದಸ್ಥನ ಹಾಗೆ ಕೈಕಟ್ಟಿ ಕೂತಿದ್ದೆ, ಅದಕ್ಕೇ ಆ ಎರಡು ದಿನ ಎಲ್ಲ ಸರಿ ಇತ್ತು.

ಅವರು ಇಳಿದು ಬಂದರು. ಸೀರೆಯನ್ನೂ ಹಾಸಿಗೆಯನ್ನೂ ಸೆಟ್ಟನ್ನೂ ನೋಡಿದರು.

"ಟಿವಿ ಆಂಟೆನಾ ತುಳು ಮಾತಾಡತೈತೇನ್ರಿ?"

ನಾನು ತಪ್ಪಾಯಿತು ಎಂದೆ. ಸೆಟ್ಟು ತೆಗೆದುಕೊಂಡು ಹೋಗುವುದಾದರೆ ಹೋಗಿ, ಲೈನು ಮಾತ್ರ ಸರಿ ಮಾಡಿಕೊಡಿ ಎಂದೆ. ಅವರು ಕೆಳಗೆ ಬಿದ್ದಿದ್ದ ಸೀರೆಯನ್ನು ಮಡಚಿ ಹಾಸಿಗೆಯ ಮೇಲೆ ಇಟ್ಟರು. ಆಮೇಲೆ ಹೇಳಿದ್ದನ್ನು ನಾನು ಮರೆತಿಲ್ಲ.

"ನಾ ಕಂಬದ ಮ್ಯಾಲ ಇದ್ದೆ ಅಜ್ಜಾರ. ಕಂಬದ ಮ್ಯಾಲ ಇದ್ದವ ಏನೂ ನೋಡೂದಿಲ್ಲ, ಏನೂ ಕೇಳೂದಿಲ್ಲ. ಆದ್ರ ನನ್ನ ಮುಂದ ಮೊದಲ ದಿನಾನ ಹೇಳಿದ್ರ, ನಮ್ಮ ಅಕ್ಕಾರು ಇಷ್ಟು ಅಳತಿರ್ಲಿಲ್ಲ."

ಹೆಂಡತಿಯ ಎದುರಿಗೆ ಹೇಳಿದರು ಅದನ್ನು. ಹೇಳಿ ಏಣಿ ತಂದರು. ನನ್ನ ಚಂದದ ಗಂಟನ್ನು ಬಿಚ್ಚಲಿಕ್ಕೆ ಹೋಗಲಿಲ್ಲ, ಕತ್ತಿಯಿಂದ ಕೊಯ್ದರು. ವಯರನ್ನು ಪೈಪಿನಿಂದ ಬಿಡಿಸಿ, ಮನೆಯ ಇನ್ನೊಂದು ಮೂಲೆಗೆ ಕೊಕ್ಕೆ ಹೊಡೆದು, ಆ ಕಡೆಯಿಂದ ಹೊಸ ವಯರು ಎಳೆದು ತಂದರು. ಆಮೇಲೆ ನನ್ನನ್ನು ಬದಿಕೋಣೆಗೆ ಕಳಿಸಿ ಮಾತಾಡಿಸಿದರು. ದೀಪ ಒಮ್ಮೆ ಕಣ್ಣು ಮಿಟುಕಿಸಿತು, ಆರಲಿಲ್ಲ. ಆದರೂ ನಾಲ್ಕರಿಂದ ನಾಲ್ಕೂ ಕಾಲಿನವರೆಗೆ ಮೈಕ್ ಮುಟ್ಟಬಾರದು ಎಂದು ಅಪ್ಪಣೆ ಮಾಡಿದರು. ಮೊದಲು ನೋಡಬೇಕು, ಹೇಳುವುದು ಆಮೇಲೆ.

ಮರುದಿನ ಅವರು ಗೋಡೆಯ ಕಡೆ ಮುಖ ಮಾಡಿ ಕೂತರು. ಹೆಂಡತಿ ನನ್ನ ಮಣಿಕಟ್ಟು ಹಿಡಿದುಕೊಂಡು ಕೂತಳು. ಮಗು ಕಣ್ಣು ಬಿಟ್ಟಿತು, ಮುಚ್ಚಿತು, ಆಕಳಿಸಿತು, ಒದೆಯಿತು. ಒಂದೊಂದು ಸಲವೂ ನನ್ನ ಕಾಲು ತಾನೇ ಏಳುತ್ತಿತ್ತು, ಅವಳ ಹಿಡಿತ ಬಿಗಿಯಾಗುತ್ತಿತ್ತು. ದೀಪ ಗಟ್ಟಿ, ಗಟ್ಟಿ ಎಂದು ಅವರು ಗೋಡೆಗೆ ಹೇಳುತ್ತಿದ್ದರು. ಹತ್ತು ನಿಮಿಷ ಮುಗಿದಾಗ ನನ್ನ ಮಣಿಕಟ್ಟಿನಲ್ಲಿ ಬಳೆಯ ಗುರುತು ಬಿದ್ದಿತ್ತು. ನಾಲ್ಕೂ ಕಾಲಿಗೆ ಮೈಕ್ ಎತ್ತಿದರೆ ಕಡಲಿನಲ್ಲಿ ಎಲ್ಲ ಬೋಟಿನವರೂ ಒಟ್ಟಿಗೆ ಮಾತಾಡಿದರು, ಒಬ್ಬರದ್ದೂ ತಿಳಿಯಲಿಲ್ಲ. ಹೇಳಿದ ಹೊತ್ತಿಗೆ ಸುದ್ದಿ ಬರಲಿಲ್ಲ ಎಂದು ಅವರೆಲ್ಲ ಬಲೆ ಎಳೆಯುವುದನ್ನು ನಿಲ್ಲಿಸಿದ್ದರಂತೆ. ಮಗನ ಸ್ವರ ಒಡೆದಿತ್ತು. ಅವಳು ಇದ್ದಾಳೆ, ಚೆನ್ನಾಗಿದ್ದಾಳೆ ಎಂದು ಮೂರು ಸಲ ಹೇಳಬೇಕಾಯಿತು.

ನಲವತ್ತೊಂದನೆಯ ದಿನ ಅವಳನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದು ತಾಯಿಯ ಎದೆಯ ಮೇಲೆ ಮಲಗಿಸಿದರು. ಅದನ್ನೂ ನಾವು ನೋಡಿದೆವು, ಕಡಿಯದೆ. ಹೆಂಡತಿ ಆ ದಿನ ನನ್ನನ್ನು ಎಲ್ಲರ ಎದುರಿಗೆ ಅಜ್ಜ ಎಂದಳು. ನಾನು ಎರಡನೆಯ ಸಲ ಮುಖ ತೊಳೆಯಲು ಹೋದೆ.

ಮಗಳು ಮಗುವನ್ನು ಕರೆದುಕೊಂಡು ಬಂದದ್ದು ಎಂಟನೆಯ ತಿಂಗಳಿಗೆ. ಮೊದಲು ತೋರಿಸಬೇಕಾದವರಿಗೆ ತೋರಿಸುವ ಎಂದು ಅವಳನ್ನು ಎತ್ತಿಕೊಂಡೇ ಎಕ್ಸ್‌ಚೇಂಜಿಗೆ ಹೋದೆ. ಅವರು ಆ ತಿಂಗಳ ಮೊದಲೇ ನಿವೃತ್ತಿಯಾಗಿ ಊರಿಗೆ ಹೋಗಿದ್ದರು. ಹೇಳದೇ ಹೋದರು. ಅವರ ಮೇಜಿನಲ್ಲಿ ಈಗ ಒಬ್ಬ ಹುಡುಗಿ ಕಂಪ್ಯೂಟರ್ ನೋಡುತ್ತಾಳೆ. ವಯರು ಸುಲಿಯಲು ಈಗಿನ ಲೈನ್‌ಮನ್‌ಗಳಿಗೆಲ್ಲ ಇಕ್ಕಳ ಕೊಟ್ಟಿದ್ದಾರೆ.

ಆಮೇಲೆ ಒಂದು ಭಾನುವಾರ ಫೋನು ಬಂತು. ಅವರ ಊರಿನ ಅಂಗಡಿಯೊಂದರಿಂದ.

"ಲೈನ್ ಹೆಂಗೈತ್ರಿ ಅಜ್ಜಾರ?"

ತಾಯಿಯೊಟ್ಟಿಗೆ ನಮ್ಮಲ್ಲೇ ಉಳಿದಿದ್ದ ಹದಿನಾಲ್ಕು ತಿಂಗಳ ಮೊಮ್ಮಗಳು ಆಗ ನನ್ನ ಕಾಲು ಹಿಡಿದು ನಿಂತಿದ್ದಳು. ಲೈನು ಗಟ್ಟಿ ಉಂಟು ಎಂದೆ. ನಿಮ್ಮ ವಿಷಯ ಬರೆಯುತ್ತೇನೆ ಎಂದೂ ಹೇಳಿದೆ. ಬರೀರಿ, ಹೆಸರು ಬ್ಯಾಡ್ರಿ, ಕಂಬದ ಮ್ಯಾಲ ನಾ ಏನೂ ನೋಡಿಲ್ಲ ಅಂತ ಹೇಳೇನಲ್ಲ ಎಂದು ನಕ್ಕರು. ಅವಳ ಮುಖವನ್ನು ಅವರು ಒಂದು ದಿನವೂ ನೋಡಿರಲಿಲ್ಲ. ರಿಸೀವರನ್ನು ಅವಳ ಕಿವಿಗೆ ಹಿಡಿದೆ.

ಅವಳಿಗೆ ಮಾತು ಬರುವುದಿಲ್ಲ. ಎರಡೂ ಕೈಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡಳು. ಚೀಪಿದಳು, ಜೊಲ್ಲು ಸುರಿಸಿದಳು, ಏನೋ ಒಂದು ರಾಗ ತೆಗೆದಳು. ಆಮೇಲೆ ಸುಮ್ಮನೆ ಅದಕ್ಕೇ ಬಾಯಿ ಒತ್ತಿ ಉಸಿರಾಡಿದಳು. ಆ ಕಡೆಯಿಂದ ಒಂದು ಸ್ವರವೂ ಇಲ್ಲ. ತುಂಬ ಹೊತ್ತಾಯಿತು. ನನಗೆ ಹಳೆಯ ಹೆದರಿಕೆ ಬಂತು, ಕಟ್ ಆಗಿರಬೇಕು ಎಂದುಕೊಂಡೆ. ಅವರ ಅಭ್ಯಾಸವೂ ನೆನಪಾಯಿತು, ಬೇರೆಯವರ ಮಾತು ಬಂದರೆ ರಿಸೀವರನ್ನು ಎದೆಗೆ ಕವುಚಿಕೊಳ್ಳುವುದು. ಅವಳ ಕೈಯಿಂದ ಬಿಡಿಸಿ ತೆಗೆದು, ಒದ್ದೆಯಾದದ್ದನ್ನು ಒರೆಸಿ, ಲೈನಿನಲ್ಲಿ ಇದ್ದೀರಾ ಎಂದು ಕೇಳಿದೆ.

"ಇದ್ದೀನ್ರಿ" ಎಂದರು. "ಕೇಳಾಕತ್ತೀನಿ. ತಗೀಬ್ಯಾಡ್ರಿ ಅಜ್ಜಾರ, ಆಕೀ ಕೈಯಾಗ ಕೊಡ್ರಿ."

ರಿಸೀವರನ್ನು ಮತ್ತೆ ಅವಳ ಕೈಗೆ ಕೊಟ್ಟೆ.